ಹಿಂದೆ ಖಾಲಿ ಬಸ್ಸು ಬರ್ತಿದೆ

ಬೆಂಗಳೂರಿನ ಸಿಟಿ ಬಸ್ಸುಗಳಿಗೆ ಟೈಮ್‌ಟೇಬಲ್ಲೇ ಇಲ್ಲ ಅಂತ ಗೊಣಗುವವರು ಊರ ತುಂಬ ಇದ್ದಾರೆ. ಪಾಪ, ಅವರಿಗೆ ವಿಷಯ ಗೊತ್ತಿಲ್ಲ. ಟೈಮ್‌ಟೇಬಲ್ಲು ಇದೆ. ಅದೂ ನಿಮಿಷದ ಲೆಕ್ಕದಲ್ಲಿ ಇದೆ. ಡ್ರೈವರು ಕಂಡಕ್ಟರುಗಳ ಬಾಯಲ್ಲಿ ಅದಕ್ಕೆ ‘ಫಾರಂ ಫೋರ್’ ಅಂತ ಹೆಸರು. ಗಾಡಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಡಿಪೋ ಬಿಡಬೇಕು, ಮೊದಲ ಟ್ರಿಪ್ಪು ಎಲ್ಲಿಂದ ಎಲ್ಲಿಗೆ, ಆ ತುದಿಗೆ ಎಷ್ಟಕ್ಕೆ ಮುಟ್ಟಬೇಕು, ಅಲ್ಲಿಂದ ಎಷ್ಟಕ್ಕೆ ಹೊರಡಬೇಕು, ಕೊನೆಗೆ ಯಾವಾಗ ಡಿಪೋ ಸೇರಬೇಕು, ಎಲ್ಲ ಅದರಲ್ಲಿ ಉಂಟು. ಇಷ್ಟು ಅಚ್ಚುಕಟ್ಟಾದ ಹಾಳೆಯಲ್ಲಿ ಬಿಟ್ಟುಹೋಗಿರುವ ಬಾಬತ್ತು ಒಂದೇ: ಸ್ಟಾಪಿನಲ್ಲಿ ನಿಂತಿರುವ ನೀವು. ಅದು ಬಸ್ಸಿನ ಟೈಮ್‌ಟೇಬಲ್ಲು ಸ್ವಾಮಿ, ನಿಮ್ಮದಲ್ಲ. ಮದುವೆಮನೆಯಲ್ಲಿ ಮುಹೂರ್ತ ಎಷ್ಟು ಹೊತ್ತಿಗೆ ಅಂತ ಪುರೋಹಿತರೊಬ್ಬರಿಗೇ ಗೊತ್ತಿದ್ದು, ಗಂಡು ಹೆಣ್ಣು ಇಬ್ಬರೂ ಹಾರ ಹಿಡಿದುಕೊಂಡು ಸುಮ್ಮನೆ ನಿಂತಿದ್ದ ಹಾಗೆ.

ಇದರಿಂದ ಒಂದು ಉಪಕಾರವೂ ಆಗಿದೆ. ನಮ್ಮೂರಿನಲ್ಲಿ ಬಸ್ಸು ಲೇಟು ಅಂತ ಯಾರೂ ಸಾಬೀತು ಮಾಡುವ ಹಾಗಿಲ್ಲ. ಯಾವಾಗ ಬರಬೇಕಿತ್ತು ಅಂತ ಗೊತ್ತಿದ್ದರೆ ತಾನೇ ಲೇಟು? ಬಂದಾಗ ಬಂತು, ಅಷ್ಟೆ. ಬಸ್ಸು ತಡವಾದರೆ ಡ್ರೈವರಿಗೆ ಗೊತ್ತಾಗುತ್ತದೆ, ಬಸ್ ಸ್ಟ್ಯಾಂಡಿನ ಗೂಡಿನಲ್ಲಿ ಕೂತ ಕಂಟ್ರೋಲರಿಗೆ ಗೊತ್ತಾಗುತ್ತದೆ, ಅವರಿಬ್ಬರ ನಡುವೆ ಒಂದು ಸಣ್ಣ ಜಟಾಪಟಿಯೂ ನಡೆಯುತ್ತದೆ. ನಿಂತು ಕಾಯ್ದವನ ಮುಕ್ಕಾಲು ಗಂಟೆ ಮಾತ್ರ ಯಾವ ಲಾಗ್ ಶೀಟಿನಲ್ಲೂ ಬರೆಯಿಸಿಕೊಳ್ಳದೆ ಗಾಳಿಯಲ್ಲಿ ಹೋಗುತ್ತದೆ.

ಹೀಗಾಗಿ ಸ್ಟಾಪುಗಳಲ್ಲಿ ಟೈಮ್‌ಟೇಬಲ್ಲಿನ ಕೆಲಸವನ್ನು ಮನುಷ್ಯರೇ ವಹಿಸಿಕೊಂಡಿದ್ದಾರೆ. ಬನ್ನೇರುಘಟ್ಟದ ಕಡೆಗೆ ಹೋಗಬೇಕಾದವನು ಓಡೋಡಿ ಬಂದು, “ಸಾರ್, 365 ಹೋಯ್ತಾ?” ಅಂತ ಕೇಳುತ್ತಾನೆ. ಉತ್ತರ ಹೇಳುವವರಲ್ಲಿ ಜಾತಿಗಳಿವೆ. “ಅಯ್ಯೋ, ಈಗ ತಾನೇ ಹೋಯ್ತಲ್ಲ ಗುರು!” ಅನ್ನುವವನು ಒಬ್ಬ, ಅವನ ಮುಖದಲ್ಲಿ ಮರುಕಕ್ಕಿಂತ ಖುಷಿ ಒಂದು ಗುಲಗಂಜಿ ಜಾಸ್ತಿ. “ನಾನೂ ಅದಕ್ಕೇ ಕಾಯ್ತಿರೋದು” ಅನ್ನುವವನು ಇನ್ನೊಬ್ಬ. ಆ ಕ್ಷಣದಿಂದ ಅವನೂ ನೀವೂ ಒಡಹುಟ್ಟಿದವರು, ಬಸ್ಸು ಬಂದ ಮೇಲೆ ಸೀಟಿಗಾಗಿ ಮಾತ್ರ ದಾಯಾದಿಗಳು. ಮೂರನೆಯವನ ಕಿವಿಯಲ್ಲಿ ಇಯರ್‌ಫೋನು. “ಈಗ ಬರುತ್ತೆ, ಇನ್ನು ನಾಲ್ಕು ನಿಮಿಷ” ಅಂತ ಎದೆ ತಟ್ಟಿ ಹೇಳುವ ನಾಲ್ಕನೆಯವನನ್ನು ಬೆಂಗಳೂರು ಇನ್ನೂ ಹಡೆದಿಲ್ಲ.

ಆಮೇಲೆ ಬಸ್ಸು ಬರುತ್ತದೆ. ಬರುತ್ತದೆ ಅಂದೆನೆ? ಬರುತ್ತವೆ. ಒಂದೇ ನಂಬರಿನವು ಮೂರು, ಒಂದರ ಬಾಲ ಒಂದು ಹಿಡಿದುಕೊಂಡು. ಮುಂದಿನದರಲ್ಲಿ ಜನ ಫುಟ್‌ಬೋರ್ಡಿನ ಮೇಲೆ ಜೋತಾಡುತ್ತಿದ್ದಾರೆ, ಎರಡನೆಯದರಲ್ಲಿ ನಿಂತವರು ನಾಲ್ಕೈದು ಮಂದಿ, ಮೂರನೆಯದರಲ್ಲಿ ಡ್ರೈವರು, ಕಂಡಕ್ಟರು ಮತ್ತು ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆಯುತ್ತಿರುವ ಒಬ್ಬ ಪುಣ್ಯಾತ್ಮ. ಈ ದೃಶ್ಯ ನೋಡಿದಾಗಲೆಲ್ಲ ನಮ್ಮ ಜನಕ್ಕೆ ಬರುವ ಅನುಮಾನ ಒಂದೇ: ಮೂವರೂ ಒಟ್ಟಿಗೆ ಕೂತು ಕಾಫಿ ಕುಡಿದು ಬಂದಿದ್ದಾರೆ. ಇದು ಶುದ್ಧ ಅನ್ಯಾಯ. ಕಾಫಿ ಕುಡಿಯದಿದ್ದರೂ ಹೀಗೇ ಆಗುತ್ತದೆ.

ಹೇಗೆ ಅಂತ ಕೇಳಿ. ಮುಂದಿನ ಬಸ್ಸು ಯಾವುದೋ ಸಿಗ್ನಲ್ಲಿನಲ್ಲಿ ಎರಡು ನಿಮಿಷ ಸಿಕ್ಕಿಹಾಕಿಕೊಂಡಿತು ಅನ್ನಿ. ಅದು ಮುಂದಿನ ಸ್ಟಾಪಿಗೆ ಬರುವ ಹೊತ್ತಿಗೆ ಎರಡು ನಿಮಿಷದ ಜನ ಹೆಚ್ಚಿಗೆ ಸೇರಿರುತ್ತಾರೆ. ಅವರು ಹತ್ತಬೇಕು, ಟಿಕೆಟ್ಟು ತೆಗೆದುಕೊಳ್ಳಬೇಕು, ಒಬ್ಬರ ಬ್ಯಾಗು ಇನ್ನೊಬ್ಬರ ಕೈಗೆ ತಗುಲಿಕೊಳ್ಳಬೇಕು. ಇನ್ನಷ್ಟು ತಡ. ಅದರ ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಜನ, ಮತ್ತಷ್ಟು ತಡ. ಹಿಂದಿನ ಬಸ್ಸಿಗೆ ಇದರ ತಿರುವುಮುರುವು: ಸ್ಟಾಪುಗಳೆಲ್ಲ ಗುಡಿಸಿಟ್ಟ ಹಾಗಿರುತ್ತವೆ, ನಿಲ್ಲುವ ಕೆಲಸವೇ ಇಲ್ಲ, ಸರಸರನೆ ಬಂದು ಮುಂದಿನದಕ್ಕೆ ಮೂತಿ ತಾಗಿಸುತ್ತದೆ. ಒಂದು ಸಲ ಜೊತೆಯಾದವು ಆಮೇಲೆ ಬೇರೆಯಾಗುವುದಿಲ್ಲ. 1964ರಲ್ಲೇ ಗಾರ್ಡನ್ ನ್ಯೂವೆಲ್ ಮತ್ತು ರೆನ್ಫ್ರೀ ಪಾಟ್ಸ್ ಎಂಬ ಇಬ್ಬರು ಗಣಿತಜ್ಞರು ಇದನ್ನು ಲೆಕ್ಕ ಕಟ್ಟಿ ತೋರಿಸಿದರು. ಪಾಟ್ಸ್ ಆಸ್ಟ್ರೇಲಿಯಾದ ಅಡಿಲೇಡಿನವರು; ಅಂದರೆ ರೋಗ ನಮ್ಮೊಬ್ಬರದೇ ಅಲ್ಲ. ಅಲ್ಲಿಯ ಬಸ್ಸೂ ಗುಂಪು ಕಟ್ಟುತ್ತದೆ, ಲಂಡನ್ನಿನದೂ ಕಟ್ಟುತ್ತದೆ. ಹೊತ್ತಿಗೆ ಮುಂಚೆ ಓಡಿಬಂದ ಹಿಂದಿನದನ್ನು ಒಂದೆರಡು ನಿಮಿಷ ತಡೆದು ನಿಲ್ಲಿಸಿ ನಡುವಿನ ಅಂತರವನ್ನು ಮತ್ತೆ ಸರಿಮಾಡುವ ಮದ್ದೂ ಇದೆ. ನಮ್ಮಲ್ಲಿ ಖಾಲಿ ಬಸ್ಸನ್ನು ಸುಮ್ಮನೆ ಎರಡು ನಿಮಿಷ ತಡೆದು ನೋಡಿ, ಒಳಗೆ ಕೂತವರು ಎದ್ದುಬಂದು ಡ್ರೈವರಿಗೇ ಮದ್ದು ಅರೆಯುತ್ತಾರೆ.

ಅಂದಮೇಲೆ ಬೆಂಗಳೂರಿನ ಕಂಡಕ್ಟರುಗಳು ತಲೆತಲಾಂತರದಿಂದ ಹೇಳಿಕೊಂಡು ಬಂದಿರುವ “ಹಿಂದೆ ಖಾಲಿ ಬಸ್ಸು ಬರ್ತಿದೆ, ಅದ್ರಲ್ಲಿ ಬನ್ನಿ!” ಎಂಬ ಮಾತು ಸುಳ್ಳಲ್ಲ. ಅದು ಗಣಿತದ ಪ್ರಮೇಯ. ನಾವದನ್ನು ಬಾಗಿಲು ಹಾಕಿಕೊಳ್ಳುವ ನೆಪ ಅಂದುಕೊಂಡು ಇಷ್ಟು ವರ್ಷ ಅವರ ಮೇಲೆ ಕಣ್ಣು ಕೆಂಪು ಮಾಡಿದೆವು. ಹಿಂದಿನ ಬಸ್ಸು ಖಾಲಿಯಿರುವುದಕ್ಕೆ ಕಾರಣವೇ ಈ ಬಸ್ಸು ತುಂಬಿರುವುದು. ತೊಂದರೆ ಏನೆಂದರೆ, ಪ್ರಮೇಯವನ್ನು ನಂಬಿ ಕೆಳಗೆ ಉಳಿದವನ ಮುಂದೆ ಆ ಖಾಲಿ ಬಸ್ಸು ಸ್ಟಾಪಿನಲ್ಲಿ ನಿಲ್ಲದೆ, ಮುಂದಿನದನ್ನು ಬಲಗಡೆಯಿಂದ ಹಿಂದೆ ಹಾಕಿ ಜೋರಾಗಿ ಹೊರಟುಹೋಗುತ್ತದೆ. ಪ್ರಮೇಯದಲ್ಲಿ ಅದು ನಿಲ್ಲುತ್ತದೆ ಅಂತ ಎಲ್ಲೂ ಹೇಳಿಲ್ಲ.

ಕಾಗದದ ಮೇಲೆ ಎಲ್ಲ ಸರಿಯಾಗೇ ಇರುತ್ತದೆ, ಅದೇ ಸೊಗಸು. ಗಂಟೆಗೆ ಆರು ಬಸ್ಸು ಅನ್ನಿ. ಹತ್ತು ನಿಮಿಷಕ್ಕೊಂದರಂತೆ ಬಂದರೆ ಸುಮ್ಮನೆ ಬಂದು ನಿಂತವನು ಸರಾಸರಿ ಐದು ನಿಮಿಷ ಕಾಯುತ್ತಾನೆ. ಅವೇ ಆರು, ಅರ್ಧ ಗಂಟೆಗೆ ಮೂರರ ಗುಂಪಿನಂತೆ ಬಂದರೆ ಸರಾಸರಿ ಹದಿನೈದು ನಿಮಿಷ. ಬಸ್ಸೂ ಅಷ್ಟೇ, ಡೀಸೆಲ್ಲೂ ಅಷ್ಟೇ, ಸಂಬಳವೂ ಅಷ್ಟೇ. ಕಾಯುವುದು ಮಾತ್ರ ಮೂರು ಪಟ್ಟು. ಸಾಹೇಬರನ್ನು ಕೇಳಿದರೆ “ಗಂಟೆಗೆ ಆರು ಬಿಟ್ಟಿದ್ದೀವಲ್ಲ ಸಾರ್” ಅನ್ನುತ್ತಾರೆ. ಬಿಟ್ಟಿದ್ದಾರೆ, ಇಲ್ಲ ಅನ್ನುವ ಹಾಗಿಲ್ಲ.

ನಮ್ಮ ಸೋದರತ್ತೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆ ಆದಮೇಲೆ ಅತ್ತೆಗೆ ಊರೆಲ್ಲ ಮನೆಯಾಗಿದೆ. ತಿಪಟೂರಿನಿಂದ ಹೊರಟು, ಆಧಾರ್ ಕಾರ್ಡು ತೋರಿಸಿ, ಜ಼ೀರೋ ಟಿಕೆಟ್ಟನ್ನು ಸೊಂಟದ ಚೀಲಕ್ಕೆ ಸೇರಿಸಿ, ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆ ಬಾಗಿಲಲ್ಲಿ ಹಾಜರು. ಅವರನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ನಾನು ಫೋನು ತೆಗೆದು, ಬಸ್ಸು ಎಲ್ಲಿದೆ ಅಂತ ತೋರಿಸುವ ಆ್ಯಪು ಬಿಚ್ಚಿ, ನಕಾಶೆಯ ಮೇಲೆ ತೆವಳುವ ಪುಟ್ಟ ಬಸ್ಸಿನ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡುತ್ತಿರುತ್ತೇನೆ. ಆ ಚಿತ್ರ ಒಂದು ಕಡೆ ನಿಂತುಬಿಡುತ್ತದೆ. ಆಮೇಲೆ ನಮ್ಮ ಸ್ಟಾಪನ್ನು ಠೀವಿಯಿಂದ ದಾಟಿ ಹೋಗುತ್ತದೆ. ರಸ್ತೆಯಲ್ಲಿ ನೋಡಿದರೆ ಒಂದು ಗೂಡ್ಸ್ ಆಟೋ, ಒಂದು ಎಮ್ಮೆ.

ಅಷ್ಟು ಹೊತ್ತಿಗೆ ಅತ್ತೆ ಪಕ್ಕದ ಹೂವಿನಾಕೆಯ ಹತ್ತಿರ ಕೂತು, ಅವಳ ಸೊಸೆಗೆ ಎಷ್ಟು ತಿಂಗಳು ಅನ್ನುವುದರವರೆಗೆ ತಿಳಿದುಕೊಂಡಿರುತ್ತಾರೆ. “ಲೋ, ಆ ಫೋನು ಒಳಗಿಡು. ಇಲ್ಲಿಗೆ ಬರೋ ಬಸ್ಸು ಗಾಂಧಿ ಬಜಾರಿಗೆ ಹೋಗಲ್ವಂತೆ. ರಸ್ತೆ ಆ ಕಡೆ ದಾಟಿ, ಮೆಡಿಕಲ್ ಶಾಪ್ ಮುಂದೆ ನಿಂತ್ಕೋಬೇಕಂತೆ. ಅಲ್ಲಿ ಸ್ಟಾಪಿಲ್ಲ, ಆದ್ರೆ ನಿಲ್ಲಿಸ್ತಾನಂತೆ.” ಹೋಗಿ ನಿಂತರೆ ನಿಲ್ಲಿಸುತ್ತಾನೆ! ಬಸ್ಸಿನ ಒಳಗೆ ಕಾಲಿಡುವ ಮುಂಚೆ ಅತ್ತೆ ಇನ್ನೊಂದು ಸಲ ಡ್ರೈವರನ್ನು, “ಏನಪ್ಪಾ, ಗಾಂಧಿ ಬಜಾರಿಗೆ ತಾನೇ?” ಅಂತ ಕೇಳುತ್ತಾರೆ. ಅವನು ಬಾಯಿ ತೆರೆಯದೆ, ಗಲ್ಲವನ್ನು ಒಂದಿಂಚು ಎತ್ತುತ್ತಾನೆ. ಇಡೀ ಊರಿನಲ್ಲಿ ನಂಬಬಹುದಾದ ಪ್ರಕಟಣೆ ಅದೊಂದೇ.

ಬೋರ್ಡು ನೋಡಿದರೆ ಗೊತ್ತಾಗಲ್ಲವೇ ಅನ್ನಬೇಡಿ. ಹಿಂದೆ ತಗಡಿನ ಬೋರ್ಡು ಇತ್ತು. ಕೊನೆ ಸ್ಟಾಪಿನಲ್ಲಿ ಕಂಡಕ್ಟರು ಅದನ್ನು ಕಳಚಿ ತಿರುಗಿಸಿ ಹಾಕಬೇಕು. ಮರೆತರೆ ಮೆಜೆಸ್ಟಿಕ್ಕಿನಿಂದ ಹೊರಡುವ ಬಸ್ಸು ಮೆಜೆಸ್ಟಿಕ್ಕಿಗೇ ಹೊರಟಿರುತ್ತಿತ್ತು. ಈಗ ದೀಪದ ಬೋರ್ಡು ಬಂದಿದೆ. ಬಿಸಿಲು ಬಿದ್ದರೆ ಅಕ್ಷರ ಮಾಯ. ನೆರಳಿನಲ್ಲಿ ಕಂಡರೂ, ಒಂದು ಸಲ ಕನ್ನಡ, ಒಂದು ಸಲ ಇಂಗ್ಲಿಷು, ಆಮೇಲೆ ‘ವಯಾ’ದ ಮೆರವಣಿಗೆ. ಓದುವವನು ನಂಬರು ಸಿಗಲಿ ಅಂತ ಕಾಯುತ್ತಾನೆ, ಬೋರ್ಡು ದಾರಿಯ ಊರುಗಳನ್ನೆಲ್ಲ ಸಾವಕಾಶವಾಗಿ ಪಠಿಸುತ್ತದೆ, ಅದು ನಂಬರಿಗೆ ವಾಪಸ್ಸು ಬರುವಷ್ಟರಲ್ಲಿ ಬಸ್ಸಿನ ಹಿಂಭಾಗ ಕಾಣುತ್ತಿರುತ್ತದೆ. ಜೊತೆಗೆ ಈಗಿನ ಎಲೆಕ್ಟ್ರಿಕ್ ಬಸ್ಸುಗಳ ಮೌನ. ಮೊದಲಾದರೆ ತಿರುವಿನಲ್ಲೇ ಗರ್ ಅಂತ ಗೇರು ಬದಲಿಸಿ ಬಸ್ಸು ತಾನು ಬರುವುದನ್ನು ಸಾರುತ್ತಿತ್ತು. ಇದು ಬೆಕ್ಕಿನ ಹೆಜ್ಜೆಯಲ್ಲಿ ಬಂದು ಬೆಕ್ಕಿನ ಹೆಜ್ಜೆಯಲ್ಲೇ ಹೋಗಿಬಿಡುತ್ತದೆ. ಗಾಳಿಗೆ ಒಳ್ಳೆಯದಂತೆ, ಇರಲಿ.

ನಂಬರುಗಳ ವಿಚಾರ ತೆಗೆದರೆ ಅದೊಂದು ಶಾಸ್ತ್ರ. 335-ಇ ಅಂದರೆ ಕಾಡುಗೋಡಿ ಕಡೆ, 500-ಡಿ ಅಂದರೆ ಹೆಬ್ಬಾಳದಿಂದ ಹೊರವರ್ತುಲ ರಸ್ತೆ ಹಿಡಿದು ಸಿಲ್ಕ್ ಬೋರ್ಡು. 500ಕ್ಕೆ ಎ ಇದೆ, ಸಿ ಇದೆ, ಸಿಎ ಇದೆ. ಬಾಲದ ಅಕ್ಷರ ನೋಡದೆ ಹತ್ತಿದವನನ್ನು ಬಸ್ಸು ಅರ್ಧ ದಾರಿಯವರೆಗೆ ಸರಿಯಾಗೇ ಕರೆದುಕೊಂಡು ಹೋಗಿ, ನಂಬಿಕೆ ಬಂದಮೇಲೆ ಎಡಕ್ಕೆ ತಿರುಗುತ್ತದೆ. ಆದರೂ ಆ ನಂಬರು ಜನರ ಮೈಗೆ ಹತ್ತಿಕೊಂಡುಬಿಡುತ್ತದೆ. ಬೆಂಗಳೂರಿನಲ್ಲಿ ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳಿದಮೇಲೆ ಕೇಳುವ ಎರಡನೇ ಪ್ರಶ್ನೆ, “ನಿಮ್ಮ ಮನೆಗೆ ಡೈರೆಕ್ಟ್ ಬಸ್ಸಿದೆಯಾ?” ಇಲ್ಲ, ಮೆಜೆಸ್ಟಿಕ್ಕಿನಲ್ಲಿ ಇಳಿದು ಹತ್ತಬೇಕು ಅಂದರೆ ಮುಖ ಸಣ್ಣಗಾಗುತ್ತದೆ. ತವರಿಗೆ ಮಗಳು ಬಂದಹಾಗೇ.

ಈ ಮೆಜೆಸ್ಟಿಕ್ಕು ಇನ್ನೊಂದು ಕಥೆ. ಧರ್ಮಾಂಬುಧಿ ಕೆರೆ ಬತ್ತಿದ ಅಂಗಳದಲ್ಲಿ ಬಸ್ ಸ್ಟ್ಯಾಂಡು ಕಟ್ಟಿ ಕೆಂಪೇಗೌಡರ ಹೆಸರಿಟ್ಟರು. ಜನ ಮಾತ್ರ ಅಲ್ಲೇ ಹತ್ತಿರ ಇದ್ದ ಸಿನಿಮಾ ಟಾಕೀಸಿನ ಹೆಸರನ್ನೇ ಹಿಡಿದುಕೊಂಡರು. ನೀರು ಸೇರುತ್ತಿದ್ದ ಜಾಗದಲ್ಲಿ ಈಗ ಬಸ್ಸು ಸೇರುತ್ತವೆ. ಜೋರು ಮಳೆ ಬಂದ ದಿನ ಎರಡೂ ಸೇರುತ್ತವೆ. ಊರು ಚಿಕ್ಕದಿದ್ದಾಗ ಎಲ್ಲ ಬಸ್ಸೂ ಅಲ್ಲಿಗೆ ಬಂದು ಅಲ್ಲಿಂದ ಹೋಗುವುದು ಸರಿಯಾಗೇ ಇತ್ತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಶುರುವಾದಾಗ ಊರೆಂದರೆ ಪೇಟೆ, ದಂಡು, ಸುತ್ತಲಿನ ಒಂದಷ್ಟು ಬಡಾವಣೆ. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬಿಟಿಎಸ್ ಆಯಿತು. ‘ಬಿಟ್ಟರೆ ತಿರುಗಿ ಸಿಗಲ್ಲ’ ಅಂತ ಜನ ಅದನ್ನು ಬಿಡಿಸಿ ಓದಿದ್ದು ನಿಮಗೆ ಗೊತ್ತೇ ಇದೆ. 1997ರಲ್ಲಿ ಬಿಎಂಟಿಸಿ ಆದಾಗ ಆ ಹಾಸ್ಯಕ್ಕೆ ನಿವೃತ್ತಿ ಸಿಕ್ಕಿತು, ಅದರ ಅರ್ಥಕ್ಕೆ ಮಾತ್ರ ಎಕ್ಸ್‌ಟೆನ್ಶನ್ ಸಿಕ್ಕಿತು. ಈಗ ಸುಮಾರು ಏಳು ಸಾವಿರ ಬಸ್ಸು, ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಜನ. ಆದರೂ ಪಕ್ಕಪಕ್ಕದ ಎರಡು ಬಡಾವಣೆಗಳ ನಡುವೆ ಹೋಗಬೇಕಾದವನಿಗೆ “ಮೆಜೆಸ್ಟಿಕ್ಕಿಗೆ ಹೋಗ್ಬಿಡಿ ಸಾರ್, ಅಲ್ಲಿಂದ ಎಲ್ಲಾ ಕಡೆಗೂ ಸಿಗುತ್ತೆ” ಅನ್ನುವ ಉಪದೇಶ ತಪ್ಪಿಲ್ಲ. ಸಿಗುತ್ತೆ, ನಿಜ. ಯಾವ ಪ್ಲಾಟ್‌ಫಾರಂ ಅಂತ ಗೊತ್ತಾಗುವವರೆಗೆ ಬದುಕಿದ್ದರೆ.

ಸ್ಟಾಪುಗಳಿಗೆ ಬರೋಣ. ನಮ್ಮ ಸ್ಟಾಪುಗಳ ಹೆಸರು ಓದಿದರೆ ಊರಿನ ಶ್ರಾದ್ಧದ ಪಟ್ಟಿ ಓದಿದಂತಾಗುತ್ತದೆ. ಬಿನ್ನಿ ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು, ಕಂಡಕ್ಟರು ಇಂದಿಗೂ “ಬಿನ್ನಿ ಮಿಲ್, ಬಿನ್ನಿ ಮಿಲ್” ಅಂತ ಕೂಗುತ್ತಾನೆ. ಎನ್‌ಜಿಇಎಫ್ ಕಾರ್ಖಾನೆ ಬಾಗಿಲು ಹಾಕಿದರೂ ಸ್ಟಾಪು ಬಾಗಿಲು ಹಾಕಿಲ್ಲ. ಮಿನರ್ವ ಟಾಕೀಸು ಇಲ್ಲ, ಮಿನರ್ವ ಸರ್ಕಲ್ಲು ಇದೆ. ತುಮಕೂರು ರಸ್ತೆಯಲ್ಲಿ ‘ಎಂಟನೇ ಮೈಲಿ’ ಅಂತಲೇ ಒಂದು ಸ್ಟಾಪು. ದೇಶ ಕಿಲೋಮೀಟರಿಗೆ ಹೋಗಿ ಅರವತ್ತು ವರ್ಷ ದಾಟಿದರೂ ಅದು ಜಗ್ಗಿಲ್ಲ. ಹಳಬರಿಗೆ ಇದರಿಂದ ತೊಂದರೆಯಿಲ್ಲ. ಬೀದರಿನಿಂದ ನಿನ್ನೆ ಬಂದ ಹುಡುಗ, ಕಾಣದ ಟಾಕೀಸಿನ ಎದುರು, ಇಲ್ಲದ ಮಿಲ್ಲಿನ ಪಕ್ಕ ಇಳಿಯಬೇಕು.

ಅದೂ ಒಂದೇ ಹೆಸರಿನ ಸ್ಟಾಪು ಒಂದೇ ಇರುತ್ತದೆ ಅಂದುಕೊಳ್ಳಬೇಡಿ. ‘ಕಾರ್ಪೊರೇಷನ್’ ಅಂದರೆ ಹಡ್ಸನ್ ಸರ್ಕಲ್ಲಿನ ಸುತ್ತಮುತ್ತ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆ ಜಾಗ. ‘ಹೆಬ್ಬಾಳ’ ಅಂದರೆ ಫ್ಲೈಓವರಿನ ಕಾಲುಗಳ ನಡುವೆ ಏರ್‌ಪೋರ್ಟಿನ ಕಡೆಗೊಂದು, ರಿಂಗ್ ರೋಡಿಗೊಂದು, ಊರೊಳಕ್ಕೊಂದು. ಒಂದರಲ್ಲಿ ನಿಂತವನಿಗೆ ಇನ್ನೊಂದರಲ್ಲಿ ತನ್ನ ಬಸ್ಸು ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ನಡುವೆ ಹರಿಯುವ ವಾಹನಗಳ ಹೊಳೆ ದಾಟುವುದಕ್ಕೆ ಮಾತ್ರ ದೋಣಿಯಿಲ್ಲ. ಒನ್ ವೇ ರಸ್ತೆಗಳಲ್ಲಿ ಇನ್ನೊಂದು ಚಮತ್ಕಾರ. ಹೋಗುವಾಗ ರಿಚ್ಮಂಡ್ ರಸ್ತೆ, ಬರುವಾಗ ರೆಸಿಡೆನ್ಸಿ ರಸ್ತೆ. ಬೆಳಿಗ್ಗೆ ಇಳಿದ ಜಾಗದ ಎದುರು ಸಂಜೆ ನಿಂತುಕೊಂಡು ವಾಪಸ್ಸು ಬಸ್ಸಿಗೆ ಕೈಚಾಚಿದವನು ಅಲ್ಲೇ ಬೇರು ಬಿಡುತ್ತಾನೆ.

ಸ್ಟಾಪು ಎಲ್ಲಿರಬೇಕು ಅನ್ನುವುದಕ್ಕೂ ಒಂದು ವಿದ್ಯೆ ಇದೆ, ಆದರೆ ನಮ್ಮ ರಸ್ತೆಗಳಲ್ಲಿ ಅದು ಹೆಚ್ಚು ಓಡಾಡಿಲ್ಲ. ಸಿಗ್ನಲ್ಲಿಗೆ ಮುಂಚೆ ಸ್ಟಾಪು ಇಟ್ಟರೆ ಏನಾಗುತ್ತದೆ? ಹಸಿರು ದೀಪ ಇರುವಷ್ಟು ಹೊತ್ತೂ ಬಸ್ಸು ಜನರನ್ನು ಹತ್ತಿಸಿಕೊಳ್ಳುತ್ತದೆ, ‘ರೈಟ್’ ಅಂದ ಕೂಡಲೇ ಕೆಂಪು ಬೀಳುತ್ತದೆ. ಒಂದೇ ಜಾಗದಲ್ಲಿ ಎರಡು ಸಲ ನಿಂತಂತಾಯಿತು. ಬಲಕ್ಕೆ ತಿರುಗಬೇಕಾದ ಬಸ್ಸಾದರೆ ಎಡಗಡೆಯ ಸ್ಟಾಪಿಗೆ ಬರುವುದೇ ಇಲ್ಲ; ರಸ್ತೆಯ ನಟ್ಟನಡುವೆ ನಿಂತು, “ಬೇಗ ಇಳ್ಕೊಳ್ಳಿ, ಇಳ್ಕೊಳ್ಳಿ” ಅಂತ ಜನರನ್ನು ಬೈಕುಗಳ ಬಾಯಿಗೆ ಒಪ್ಪಿಸುತ್ತದೆ. ಸಿಗ್ನಲ್ಲು ದಾಟಿದ ಮೇಲೆ ಸ್ಟಾಪು ಇಟ್ಟರೆ ಇವೆರಡೂ ತಪ್ಪುತ್ತವೆ. ಆದರೆ ದಾಟಿದ ಮೇಲಿನ ಜಾಗದಲ್ಲಿ ಆಟೋದವರು ಮೊದಲೇ ನಿಂತಿದ್ದಾರೆ, ಅವರ ಹಿಂದೆ ಪಾನಿಪೂರಿ ಗಾಡಿ, ಅದರ ಹಿಂದೆ ‘ಇಲ್ಲಿ ವಾಹನ ನಿಲ್ಲಿಸಬಾರದು’ ಅನ್ನುವ ಬೋರ್ಡಿಗೆ ಒರಗಿ ನಿಂತ ಒಂದು ಕಾರು.

ಇನ್ನು ತಂಗುದಾಣ. ಹೊಸ ತಂಗುದಾಣ ಅಂದರೆ ಥಳಥಳ ಸ್ಟೀಲು. ಕೂರುವುದಕ್ಕೆ ಮೂರು ಉರುಟು ಪೈಪು. ಕೂತವನು ಜಾರುತ್ತಾನೆ, ಜಾರದವನಿಗೆ ಬೆನ್ನು ಹಿಡಿಯುತ್ತದೆ. ಮೇಲಿನ ಚಾವಣಿ ಮಳೆ ನೆಟ್ಟಗೆ ಬೀಳುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ್ದು. ಹಿಂದೆ ಆಳೆತ್ತರದ ಜಾಹೀರಾತು, ರಾತ್ರಿಯಿಡೀ ದೀಪ. ಯಾವ ಅಪಾರ್ಟ್‌ಮೆಂಟಿನಲ್ಲಿ ಈಜುಕೊಳವಿದೆ, ಯಾವ ಆಭರಣದಂಗಡಿಯಲ್ಲಿ ಮಜೂರಿ ಕಡಿಮೆ, ಎಲ್ಲ ಅಲ್ಲಿ ತಿಳಿಯುತ್ತದೆ. ಬಸ್ಸಿನ ವಿಚಾರ ಒಂದು ಬಿಟ್ಟು. ಬಸ್ಸು ಅದರ ಮುಂದೆ ನಿಲ್ಲುವುದೂ ಇಲ್ಲ. ಮೂವತ್ತು ಅಡಿ ಮುಂದೆ ಅಥವಾ ಮೂವತ್ತು ಅಡಿ ಹಿಂದೆ. ಯಾವುದು ಅಂತ ಮೊದಲೇ ಹೇಳುವುದಿಲ್ಲ. ಹೀಗಾಗಿ ತಂಗುದಾಣದಲ್ಲಿ ಕೂತವರೆಲ್ಲ ಹೊಸಬರು, ರಸ್ತೆಗಿಳಿದು ನಿಂತವರು ಅನುಭವಿಗಳು. 2023ರಲ್ಲಿ ಕನ್ನಿಂಗ್‌ಹ್ಯಾಂ ರಸ್ತೆಯ ಹತ್ತು ಲಕ್ಷ ರೂಪಾಯಿಯ ತಂಗುದಾಣವೊಂದು ಇಡಿಯಾಗಿ ಕಾಣೆಯಾಗಿದೆ ಅಂತ ಪೊಲೀಸರಿಗೆ ದೂರು ಹೋಗಿದ್ದು ನೆನಪಿರಬಹುದು. ಕಳ್ಳರಲ್ಲ, ಅಧಿಕಾರಿಗಳೇ ಬಿಚ್ಚಿಸಿದ್ದು ಅಂತ ಆಮೇಲೆ ಸುದ್ದಿ ಬಂತು. ನನಗೆ ಆಶ್ಚರ್ಯವಾದದ್ದು ಅದು ಹೋದದ್ದಕ್ಕಲ್ಲ, ಹೋದದ್ದು ಗೊತ್ತಾದದ್ದಕ್ಕೆ.

ಯಾರನ್ನು ಕೇಳುತ್ತೀರಿ? ಬಸ್ಸು ಸಾರಿಗೆಯವರದು. ತಂಗುದಾಣ ಪಾಲಿಕೆಯದು, ಅದರ ಗೋಡೆ ಜಾಹೀರಾತಿನವರದು. ಸಿಗ್ನಲ್ಲು ಟ್ರಾಫಿಕ್ ಪೊಲೀಸರದು. ಅಗೆದಿಟ್ಟ ಹಳ್ಳ ಮೆಟ್ರೊದವರದೋ ಜಲಮಂಡಳಿಯದೋ, ಅದು ಹಳ್ಳಕ್ಕೆ ಬಿದ್ದಮೇಲೆ ಗೊತ್ತಾಗುವ ವಿಚಾರ. 2025ರಲ್ಲಿ ಇದ್ದ ಒಂದು ಪಾಲಿಕೆ ಹೋಗಿ ಐದಾಗಿವೆ. ಇಷ್ಟು ದಿನ ಒಬ್ಬರೂ ಕಿವಿಗೊಡುತ್ತಿರಲಿಲ್ಲ, ಇನ್ನು ಮೇಲೆ ಐವರು ಕಿವಿಗೊಡುವುದಿಲ್ಲ.

ಪ್ರಯತ್ನ ನಡೆದೇ ಇಲ್ಲ ಅಂದರೆ ನಾಲಗೆಗೆ ಹುಳ ಬಿದ್ದೀತು. 2006ರಲ್ಲಿ ವೋಲ್ವೊ ತಂದು ‘ವಜ್ರ’ ಅಂದರು, ಕಾರಿನವರೂ ಹತ್ತಿದರು. 2010ರ ಫೆಬ್ರುವರಿಯಿಂದ ತಿಂಗಳ ನಾಲ್ಕನೇ ತಾರೀಖು ‘ಬಸ್ ದಿನ’ ಅಂತ ಮಾಡಿದರು. ಆ ದಿನ ದೊಡ್ಡವರೆಲ್ಲ ಬಸ್ಸಿನಲ್ಲಿ ಬಂದು ಫೋಟೊ ಹಿಡಿಸಿಕೊಂಡರು, ಐದನೇ ತಾರೀಖಿನ ಬಸ್ಸನ್ನು ನಮಗೇ ಬಿಟ್ಟುಕೊಟ್ಟರು. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಗೂಟ ನೆಟ್ಟು ಬಸ್ಸಿಗೇ ಒಂದು ಪಥ ಮಾಡಿಕೊಟ್ಟರಲ್ಲ, ಅದು ಮಾತ್ರ ನಿಜವಾದ ಕೆಲಸ. ಕಾರುಗಳೆಲ್ಲ ನಿಂತಿದ್ದಾಗ ಬಸ್ಸು ಪಕ್ಕದಲ್ಲಿ ಸುಯ್ಯನೆ ಹೋಗುವುದನ್ನು ಬೆಂಗಳೂರು ಮೊದಲ ಸಲ ನೋಡಿತು. ಆಮೇಲೆ ಕೊರೊನಾ ಬಂತು, ಮೆಟ್ರೊ ಕಾಮಗಾರಿ ಬಂತು, ಗೂಟಗಳು ಹೋದವು. ಬಸ್ಸು ಮತ್ತೆ ಕಾರುಗಳ ಹಿಂದೆ ಕ್ಯೂ ನಿಂತಿತು.

ಎಲ್ಲ ಕೋಪವನ್ನೂ ಡ್ರೈವರು ಕಂಡಕ್ಟರ ಮೇಲೆ ತೀರಿಸಿಕೊಳ್ಳುವವರಿಗೆ ಒಂದು ಮಾತು. ಮೊದಲೇ ಹೇಳಿದ ಆ ಹಾಳೆಯಲ್ಲಿ ಟ್ರಿಪ್ಪಿಗೆ ಇಷ್ಟು ನಿಮಿಷ ಅಂತ ಬರೆದಿರುತ್ತದಷ್ಟೆ. ಆ ನಿಮಿಷ ಯಾವ ಕಾಲದ ಬೆಂಗಳೂರಿನದು ಅನ್ನುವುದೇ ಅವರ ಹಳೆಯ ದೂರು. ಅಷ್ಟರಲ್ಲಿ ಮುಟ್ಟಬೇಕಾದರೆ ಭಾನುವಾರ ಬೆಳಗಿನ ಜಾವ ಹೊರಡಬೇಕು. ಮುಟ್ಟದಿದ್ದರೆ ಊಟದ ಹೊತ್ತು ಹೋಗುತ್ತದೆ, ಅದೂ ಸಾಲದಿದ್ದರೆ ಕೊನೆಯ ಟ್ರಿಪ್ಪು ‘ಕಟ್’. ಆ ಕಟ್ಟಾದ ಟ್ರಿಪ್ಪನ್ನು ನಂಬಿ ರಾತ್ರಿ ಒಂಬತ್ತೂವರೆಗೆ ಯಾವುದೋ ಲೇಔಟಿನ ಮೂಲೆಯಲ್ಲಿ ನಿಂತಿರುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಅದನ್ನು ಯಾರೂ ಹೇಳಿರುವುದಿಲ್ಲ. ಅವಳು ನಿಂತೇ ಇರುತ್ತಾಳೆ. ಕಡೆಗೆ ಆಟೋದವನು ಬಂದು ಮೀಟರಿನ ಮೇಲೆ ಐವತ್ತು ಅನ್ನುತ್ತಾನೆ. ಇಲ್ಲಿ ನನಗೆ ತಮಾಷೆ ಮಾಡಲು ಬಾಯಿ ಬರುವುದಿಲ್ಲ.

ನಾವೇನು ಸಾಮಾನ್ಯರೇ? ಹನ್ನೆರಡನೇ ಸ್ಟಾಪಿನಲ್ಲಿ ಇಳಿಯಬೇಕಾದವನು ಹತ್ತಿದ ಗಳಿಗೆಯಿಂದ ಬಾಗಿಲ ಕಂಬವನ್ನು ತಬ್ಬಿಕೊಂಡು ನಿಲ್ಲುತ್ತಾನೆ. “ಒಳಗೆ ಹೋಗಿ, ಒಳಗೆ ಫ್ರೀ ಇದೆ” ಅಂತ ಕಂಡಕ್ಟರು ಗಂಟಲು ಹರಿದುಕೊಂಡರೂ, ಆ ಮಾತು ತನ್ನ ಹಿಂದೆ ನಿಂತವನಿಗೆ ಅಂತ ಅವನ ಖಾತ್ರಿ. 2025ರ ಜನವರಿಯಲ್ಲಿ ದರ ಏರಿ ಐದು ರೂಪಾಯಿಯ ಟಿಕೆಟ್ಟು ಆರಾಯಿತು. ಅಂದಿನಿಂದ ಆರಕ್ಕೆ ನೂರರ ನೋಟು ಕೊಟ್ಟು ಕಿಟಕಿಯಾಚೆ ನೋಡುವವರ ಸಂಖ್ಯೆಯೂ ಏರಿತು. ಟಿಕೆಟ್ಟಿನ ಹಿಂದೆ ಕಂಡಕ್ಟರು ಬರೆದುಕೊಟ್ಟ ‘94’ನ್ನು ಇಳಿಯುವಾಗ ಮರೆಯದೆ ಇಸಿದುಕೊಳ್ಳಬೇಕೆಂಬ ಏಕಾಗ್ರತೆಯಲ್ಲಿ ಸ್ಟಾಪೇ ತಪ್ಪಿಹೋಗುತ್ತದೆ. ಸ್ಟಾಪಿನಿಂದ ಇಪ್ಪತ್ತು ಹೆಜ್ಜೆ ನಡೆಯಲಾರದೆ ಮನೆ ಮುಂದೆ ಕೈ ಅಡ್ಡ ಹಾಕುವವರೂ ನಾವೇ. ಬಸ್ಸು ಅಲ್ಲಲ್ಲಿ ನಿಂತು ನಿಂತು ಬರುತ್ತದೆ ಅಂತ ಆಮೇಲೆ ಒಳಗೆ ಕೂತು ಬೈಯುವವರೂ ನಾವೇ.

ಬಸ್ಸು ಹೆಚ್ಚಿಸಿ, ಪಥ ಮಾಡಿ, ಆ್ಯಪು ತಿದ್ದಿ ಅಂತ ಕೇಳುವವರು ಬೇರೆ ಇದ್ದಾರೆ, ಅವರು ಕೇಳಿಕೊಳ್ಳಲಿ. ಸಾಹೇಬರಲ್ಲಿ ನನ್ನದು ಬಹಳ ಅಗ್ಗದ ಅರ್ಜಿ. ಪ್ರತಿ ಸ್ಟಾಪಿನ ಕಂಬಕ್ಕೂ ಒಂದು ತಗಡು ಹೊಡೆಸಿ. ಅದರಲ್ಲಿ ಈ ಸ್ಟಾಪಿನ ಹೆಸರು, ಇಲ್ಲಿಗೆ ಬರುವ ಬಸ್ಸುಗಳ ನಂಬರು, ಎಲ್ಲಿಗೆ ಹೋಗುತ್ತವೆ, ಮೊದಲ ಬಸ್ಸು ಎಷ್ಟಕ್ಕೆ, ಕೊನೆಯ ಬಸ್ಸು ಎಷ್ಟಕ್ಕೆ, ನಡುವೆ ಎಷ್ಟು ನಿಮಿಷಕ್ಕೊಂದು, ಎದುರು ದಿಕ್ಕಿನ ಸ್ಟಾಪು ಎಲ್ಲಿ, ಇಷ್ಟು ಬರೆಸಿ. ಪಕ್ಕದಲ್ಲಿ ಈಜುಕೊಳದ ಜಾಹೀರಾತು ಇದ್ದರೆ ಇರಲಿ, ನಮ್ಮ ತಕರಾರಿಲ್ಲ. ಅಕ್ಷರ ಮಾತ್ರ ಸ್ವಲ್ಪ ದಪ್ಪಗಿರಲಿ. ಕನ್ನಡಕ ಮರೆತು ಮನೆ ಬಿಟ್ಟವರೂ ಬಸ್ಸಿಗೇ ಬರುವವರು.